‘ದನಿ ಸಣ್ಣ ಮಾಡು’ ಅನ್ನೂಕಿಂತ ಮೊದ್ಲು

ಹೋದ ಶ್ರಾವಣ ಶುಕ್ರವಾರ ನಮ್ಮ ಮನಿಗೆ ಅರಿಷಿಣ-ಕುಂಕುಮಕ್ಕ ಬಂದವರಿಗೆಲ್ಲ ಇದು ನೆನಪಿರಬೇಕು. ಆರತಿ ಹಾಡು ಶುರು ಆದಾಗ ನನ್ನ ನಾದಿನಿ ಮಗಳೂ ದನಿ ಕೂಡಿಸಿದ್ಲು. 12 ವರ್ಷದ ಹುಡುಗಿ. ಅಕಿ ದನಿ ಮೊದ್ಲಿಂದ ಸ್ವಲ್ಪ ದಪ್ಪ, ಒಡದಂಗ ಕೇಳಸ್ತದ. ಯಾರೋ ಒಬ್ಬರು ನಕ್ಕು, "ಇದೇನವಾ, ಗಂಡಸರು ಹಾಡಿದಂಗ ಆತಲ್ಲ" ಅಂದ್ರು. ಎಲ್ಲಾರೂ ನಕ್ಕರು. ನಾನೂ ನಕ್ಕೆ. ಅಷ್ಟಕ್ಕ ಬಿಡಲಿಲ್ಲ, "ಸಣ್ಣ ದನೀಲೆ ಅನ್ನವಾ, ದೇವರಿಗೆ ಕೇಳಸ್ತದ" ಅಂತ ಮ್ಯಾಲೊಂದು ಮಾತೂ ಅಂದೆ. ಆ ಕೂಸು ಅಲ್ಲಿಗೇ ಬಾಯಿ ಮುಚ್ಚಿತು. ಕೋಸಂಬರಿ ಹಂಚೂ ಮುಂದ, ಎಲಿ-ಅಡಿಕಿ ಕೊಡೂ ಮುಂದ, ಯಾರು ಏನು ಕೇಳಿದ್ರೂ ಬರೇ ತಲಿ ಅಲ್ಲಾಡಿಸಿದ್ಲು.

ನಾ ಈ ಮಾತು ಮರತೇ ಬಿಟ್ಟಿದ್ದೆ. ಅನ್ನವರು ಮರೀತಾರ, ಅನಿಸಿಕೊಂಡವರಲ್ಲ. ದಸರಾ ಸೂಟಿಗೆ ಅಕಿ ನಮ್ಮಲ್ಲೇ ಬಂದಿದ್ಲು. ಒಂದಿನ ಮಧ್ಯಾಹ್ನ ನಾ ಅಡಗಿಮನ್ಯಾಗ ರೊಟ್ಟಿ ಬಡೀಲಿಕತ್ತಿದ್ದೆ, ಪಡಸಾಲ್ಯಾಗ ಹುಡುಗರು ಡೋರೇಮಾನ್ ಹಚ್ಚಿಕೊಂಡು ಕೂತಿದ್ವು. ನನ್ನ ಮಗ ಕೇಳಿದ, "ಅವ್ವಾ, ಡೋರೇಮಾನ್ ದನಿ ಗಂಡಸರದೋ ಹೆಂಗಸರದೋ?" "ಯಾವುದರೆ ಹುಡುಗಂದು ಇರಬೇಕಪಾ" ಅಂದೆ ನಾ, ಹಂಚಿನ ಮ್ಯಾಲಿನ ರೊಟ್ಟಿ ತಿರುವಿಹಾಕಿಕೋತ. ಅಕಿ ಮೆಲ್ಲಕ ಅಂದ್ಲು, "ಹೆಂಗಸರದು ಮಾಮಿ. ಜಪಾನದಾಗೂ ಹೆಂಗಸರದೇ." ಎಲ್ಲೋ ಓದಿದ್ಲಂತ. ಸೂಟಿಗೆ ಬಂದ ಮ್ಯಾಲೆ ಅಕಿ ತಾನಾಗೇ ಆಡಿದ ಮೊದಲನೇ ಮಾತು ಅದು ಅಂತ ನನಗ ಆವಾಗ ಹೊಳೀತು.

ಅವತ್ತ ರಾತ್ರಿ ಎಲ್ಲಾರೂ ಮಲಗಿದ ಮ್ಯಾಲೆ ಹುಡುಕಿ ಹುಡುಕಿ ಓದಿದೆ. ಓದಿದ್ದನ್ನ ನಿಮಗೂ ಹೇಳಬೇಕು ಅನಿಸಿತು. ಯಾಕಂದ್ರ ಅವತ್ತು ನಕ್ಕವರೊಳಗ ನೀವೂ ಕೆಲವರು ಇದ್ರಿ.

ಜಪಾನದ ಡೋರೇಮಾನ್‌ಗೆ 26 ವರ್ಷ ದನಿ ಕೊಟ್ಟವರ ಹೆಸರು ನೊಬುಯೊ ಒಯಾಮಾ. 1933ರಾಗ ಟೋಕಿಯೋದಾಗ ಹುಟ್ಟಿದವರು. ಸಣ್ಣಾಕಿ ಇದ್ದಾಗಿಂದ ಅವರ ದನಿ ಉಳಿದ ಹುಡುಗ್ಯಾರ ಹಂಗ ಇರಲಿಲ್ಲ. ದಪ್ಪ, ಒಂದೀಟು ಒಡಕು. ಸಾಲ್ಯಾಗ ಬಾಯಿ ತಗದ್ರ ಸಾಕು ಮಂದಿ ನಗ್ತಿದ್ರು. ನಕ್ಕು ನಕ್ಕು ಆ ಹುಡುಗಿ ಮಾತಾಡೂದನ್ನೇ ಬಿಟ್ಲು. ಇಲ್ಲಿಗೆ ಬಂದಾಗ ನಾ ಫೋನ್ ಕೆಳಗಿಟ್ಟು ಒಂದು ಗಳಿಗಿ ಸುಮ್ಮನ ಕೂತೆ.

ಆಮ್ಯಾಲೆ ಏನಾತು ಅಂದ್ರ, ಅವರವ್ವ ಇದನ್ನ ನೋಡಿದ್ಲು. ನೋಡಿ, "ಪಾಪ, ಕೂಸಿಗೆ ನೋವಾಗ್ಯದ, ಇನ್ನ ಮಾತಾಡಸಬ್ಯಾಡ್ರಿ" ಅನ್ನಲಿಲ್ಲ. "ಸಣ್ಣ ದನೀಲೆ ಮಾತಾಡು" ಅಂತೂ ಅನ್ನಲಿಲ್ಲ. ದನಿ ಕೊರತಿ ಅನಿಸಿದ್ರ ಅದನ್ನ ಮುಚ್ಚಿಡಬಾರದು, ಹೆಚ್ಚಿಗಿ ಬಳಸಬೇಕು, ಬಳಸಲಾರದ್ದು ಇನ್ನಷ್ಟು ಸೊರಗತದ, ಅಂತ ಅರ್ಥ ಬರೂ ಹಂಗ ತಿಳಿಸಿ ಹೇಳಿದ್ಲು. ಆ ಮಾತು ಕೇಳಿ ಹುಡುಗಿ ಹೋಗಿ ಸೇರಿದ್ದು ಎಲ್ಲಿಗೆ ಗೊತ್ತೇನ್ರಿ? ಸಾಲಿಯ ಪ್ರಸಾರದ ತಂಡಕ್ಕ. ಮೈಕ್ ಮುಂದ ನಿಂತು ಇಡೀ ಸಾಲಿಗೆ ಕೇಳಿಸೂ ಹಂಗ ಮಾತಾಡೂ ಕೆಲಸಕ್ಕ! ಆ ಅವ್ವ ಮಗಳು ಹೈಸ್ಕೂಲಿನಾಗ ಇದ್ದಾಗಲೇ ತೀರಿಕೊಂಡ್ಲು. ಮಗಳ ದನಿ ಮುಂದ ಎಲ್ಲಿಗೆ ಮುಟ್ಟಿತು ಅನ್ನೂದನ್ನ ಅಕಿ ಕೇಳಲೇ ಇಲ್ಲ.

ಒಯಾಮಾ ನಾಟಕ ಕಲೀಲಿಕ್ಕೆ ಹೋದ್ರು, ನಟಿ ಆದ್ರು. 1957ರಾಗ ‘ಲ್ಯಾಸಿ’ ಅನ್ನೋ ಅಮೆರಿಕದ ನಾಯಿ ಧಾರಾವಾಹಿಗೆ ಜಪಾನಿ ದನಿ ಕೊಡೂದರಿಂದ ಅವರ ಡಬ್ಬಿಂಗ್ ಕೆಲಸ ಶುರು ಆತು. ಆವಾಗ ಜಪಾನದಾಗ ಟೀವಿ ಬಂದು ನಾಕು ವರ್ಷ ಆಗಿತ್ತು ಅಷ್ಟೇ. 1960ರಾಗ ಮೂರು ಹಂದಿಮರಿಗಳ ಗೊಂಬಿ ಕಾರ್ಯಕ್ರಮ ಒಂದು ಬಂತು. ಅದರಾಗ ಹಿರೇ ಹಂದಿಮರಿ ದನಿ ಇವರದು. ಕಡೀ ಮರಿ ದನಿ ಯಾರದು ಅಂದ್ರ ತೆತ್ಸುಕೊ ಕುರೊಯನಗಿ ಅವರದು. ಯಾರಿವರು ಅಂತೀರೇನು? ನಮ್ಮ ಹುಡುಗರಿಗೆಲ್ಲ ಕನ್ನಡದಾಗ ಓದಿಸೇವಲ್ಲ ‘ತೊತ್ತೋಚಾನ್’, ಸಾಲಿಯಿಂದ ಹೊರಗ ಹಾಕಿಸಿಕೊಂಡ ಹುಡುಗಿ ಕಥಿ, ಆ ತೊತ್ತೋಚಾನ್ ಇವರೇ. ಒಬ್ಬಾಕಿ ಸಾಲ್ಯಾಗ ಸುಮ್ಮನ ಕೂಡಲಾರದಾಕಿ, ಇನ್ನೊಬ್ಬಾಕಿ ಸಾಲ್ಯಾಗ ಬಾಯಿ ಬಿಡಲಾರದಾಕಿ. ಇಬ್ಬರೂ ಒಂದೇ ಗೊಂಬಿ ಆಟಕ್ಕ ದನಿ ಆದ್ರು.

ಇಲ್ಲೊಂದು ಪ್ರಶ್ನೆ ಬರ್ತದ. ಗಂಡುಹುಡುಗರ ಪಾತ್ರಕ್ಕ ಹೆಂಗಸರ ದನಿ ಯಾಕ? ಕಾರಣ ಭಾಳ ಸರಳ ಅದ. ಗಂಡುಹುಡುಗರ ದನಿ 12-13ಕ್ಕ ಒಡೀತದ. ಕಾರ್ಟೂನ್ ಹುಡುಗ ಮಾತ್ರ ಹತ್ತು ವರ್ಷ ಆದ್ರೂ ನಾಕನೇ ಇಯತ್ತೇಲೇ ಇರ್ತಾನ. ಮ್ಯಾಲಾಗಿ ಸಣ್ಣ ಹುಡುಗರನ್ನ ರಾತ್ರಿ ತನಕ ಸ್ಟುಡಿಯೋದಾಗ ಕೂಡಸಲಿಕ್ಕೆ ಆಗಂಗಿಲ್ಲ, ಸಾಲಿ ಇರ್ತದ, ನಿದ್ದಿ ಇರ್ತದ. ಹಂಗಾಗಿ ಬೆಳದ ಹೆಂಗಸು, ಅದರಾಗೂ ದನಿ ಸ್ವಲ್ಪ ದಪ್ಪ ಇದ್ದಾಕಿ, ಇಂಥ ಕೆಲಸಕ್ಕ ಒದಗ್ತಾಳ. ನೊಬಿತಾನ ದನೀನೂ ಹೆಂಗಸರದೇ, ನೊರಿಕೊ ಒಹಾರಾ ಅಂತ. ‘ಡ್ರ್ಯಾಗನ್ ಬಾಲ್’ನ ಗೋಕುಗೆ 1986ರಿಂದ ದನಿ ಕೊಡ್ಕೋತ ಬಂದಿರೋ ಮಸಾಕೊ ನೊಜಾವಾ 1936ರಾಗ ಹುಟ್ಟಿದವರು, ನಮ್ಮ ಅಜ್ಜಿ ವಾರಗೀಯವರು. ನಮ್ಮ ಹುಡುಗರು ನೋಡೋ ಹಿಂದಿ ಡೋರೇಮಾನ್‌ಗೆ ಭಾಳ ವರ್ಷ ದನಿ ಕೊಟ್ಟಾಕೀನೂ ಸೋನಲ್ ಕೌಶಲ್ ಅನ್ನೋ ಹೆಣ್ಣುಮಗಳು. ಶುರು ಮಾಡಿದಾಗ ಅಕಿಗೆ ಇನ್ನೂ ಸಾಲಿಗೆ ಹೋಗೂ ವಯಸ್ಸು.

ಅಂದ್ರ ಯಾವ ದನಿ ಸಾಲ್ಯಾಗ "ಹುಡುಗಿದಲ್ಲ" ಅಂತ ನಗಸಾಟಕ್ಕ ಗುರಿ ಆತೋ, ಸ್ಟುಡಿಯೋದಾಗ ಅದೇ ಬೇಕಾತು.

ಆದ್ರ ಇದು ಒಂದೇ ದಿನಕ್ಕ ಆದದ್ದಲ್ಲ. ಡೋರೇಮಾನ್ ಪಾತ್ರ ಒಯಾಮಾ ಅವರಿಗೆ ಸಿಕ್ಕಿದ್ದು 1979ರ ಏಪ್ರಿಲ್‌ದಾಗ. ಆವಾಗ ಅವರಿಗೆ 45 ವರ್ಷ. ಅಕ್ಕಾರ, ನಮ್ಮಲ್ಲಿ 45 ಆತಂದ್ರ "ಇನ್ನೇನದ, ಮಕ್ಕಳ ಲಗ್ನ ಮಾಡಿ ಆರಾಮ ಇರೂದು" ಅಂತೀವಿ. ಅವರಿಗೆ ಬದುಕಿನ ದೊಡ್ಡ ಕೆಲಸ ಅಲ್ಲಿಂದ ಶುರು ಆತು. 2005ರ ಮಾರ್ಚ್ ತನಕ, 71 ವರ್ಷದಾಕಿ ಆಗೂ ತನಕ ನಡೀತು. ಡೋರೇಮಾನ್ ಅವರಿಗಿಂತ ಮೊದ್ಲ 1973ರಾಗೂ ಒಮ್ಮೆ ಟೀವ್ಯಾಗ ಬಂದಿತ್ತು. ಆರು ತಿಂಗಳಿಗೆ ನಿಂತುಹೋತು. ಎರಡನೇ ಸಲ ಬಂದಾಗ ಜಪಾನದ ಮಂದಿ ಕಿವ್ಯಾಗ ಕೂತದ್ದು ಈಕಿ ದನಿ. ಆ ಪಾತ್ರ ಬರದ ಫುಜಿಕೊ ಎಫ್. ಫುಜಿಯೊ ಅವರೇ ಈ ದನಿ ಕೇಳಿ, ಡೋರೇಮಾನ್ ದನಿ ಹಿಂಗಿರ್ತದ ಅಂತ ತಮಗೂ ಈಗ ತಿಳೀತು ಅನ್ನೂ ಹಂಗ ಮೆಚ್ಚಿಕೊಂಡ್ರಂತ. ಹೆತ್ತವರಿಗೇ ಗೊತ್ತಿರಲಾರದ ಕೂಸಿನ ದನಿ!

ಇನ್ನ ಮುಂದಿಂದು ಭಾಳ ಮುಖ್ಯ, ಚಾ ಆರಿದ್ರೂ ಪರವಾ ಇಲ್ಲ, ಓದ್ರಿ. ಡೋರೇಮಾನ್ ಅಂದ್ರ 22ನೇ ಶತಮಾನದಿಂದ ಬಂದ ಯಂತ್ರದ ಬೆಕ್ಕು, ಹುಡುಗರನ್ನ ನೋಡಿಕೊಳ್ಳಾಕ ಅಂತ ಮಾಡಿದ್ದು. ಒಯಾಮಾ ವಿಚಾರ ಮಾಡಿದ್ರು: ಹುಡುಗರನ್ನ ನೋಡಿಕೊಳ್ಳೂ ಯಂತ್ರಕ್ಕ ಅದನ್ನ ಮಾಡಿದವರು ಕೆಟ್ಟ ಮಾತು ತುಂಬಿಸಿರೂದಿಲ್ಲ. ಹಂಗಾದ್ರ ಇದು ಒರಟು ಮಾತು ಆಡಬಾರದು, ಎದುರಿನವರಿಗೆ ನಮಸ್ಕಾರ ಹೇಳಿ, ತನ್ನ ಹೆಸರು ಹೇಳಿ ಮರ್ಯಾದಿಲೆ ಮಾತಾಡಬೇಕು. ಹಂಗಾಗಿ ಆ ಪಾತ್ರದ ಬಾಯಾಗ ಸಭ್ಯ ಮಾತು ಇಟ್ಟವರು ಅವರು. ಟೀವಿ ಮುಂದ ಕೂತ ಹುಡುಗರು ಕೇಳಿದ್ದನ್ನೇ ಕಲೀತಾವ ಅನ್ನೂದು ತಾಯಂದ್ರಿಗೆ ಹೇಳಿಕೊಡಬೇಕೇನು? ನಮ್ಮ ಮನೀ ಹುಡುಗರು ಕಾರ್ಟೂನ್ ನೋಡಿ ಹಿಂದಿ ಬೈಗಳ ಕಲ್ತದ್ದು ನಮಗ ಗೊತ್ತೇ ಅದ.

ಇದು ಕೇಳಿದ ಮ್ಯಾಲೆ ನನಗ ಒಂದು ಮಾತು ಸ್ಪಷ್ಟ ಆತು. ನಾವು ಎರಡು ಬ್ಯಾರೆ ಬ್ಯಾರೆ ಸಂಗತಿ ಒಂದೇ ಬುಟ್ಟ್ಯಾಗ ಹಾಕೇವಿ. ಮಾತು ಒಂದು, ದನಿ ಇನ್ನೊಂದು. ಮಾತು ನಯ ಇರಬೇಕು, ಅದನ್ನ ಕಲಿಸೂದು ನಮ್ಮ ಕೆಲಸ. ಗಂಡುಹುಡುಗರಿಗೂ ಕಲಿಸಬೇಕು, ಅದು ಬ್ಯಾರೆ ಮಾತು. ಆದ್ರ ದನಿ ಅನ್ನೂದು ಮೂಗು ಇದ್ದಂಗ, ಎತ್ತರ ಇದ್ದಂಗ, ದೇವರು ಕೊಟ್ಟದ್ದು. ಒಯಾಮಾ ತಮ್ಮ ಪಾತ್ರದ ಮಾತನ್ನ ತಿದ್ದಿ ತೀಡಿ ನಯ ಮಾಡಿದ್ರು. ದನಿ ಮಾತ್ರ ತಮ್ಮದೇ, ಸಾಲ್ಯಾಗ ನಗಿಸಿಕೊಂಡ ಅದೇ ದನಿ. ನಾವು ಮಾಡೂದು ಇದರ ಉಲ್ಟಾ. ಹುಡುಗಿ ಏನು ಅಂತಾಳ ಅನ್ನೂದು ಕೇಳಂಗಿಲ್ಲ, ಎಷ್ಟು ದಪ್ಪಗ ಅಂತಾಳ ಅನ್ನೂದು ಅಳೀತೀವಿ. ಸಣ್ಣ ದನೀಲೆ ಮಂದಿ ಮನಿ ಮುರಿಯೋ ಚಾಡಿ ಹೇಳಿದ್ರ "ಎಷ್ಟು ಮೆತ್ತಗ ಮಾತಾಡ್ತಾಳ ನೋಡು" ಅಂತೀವಿ.

ಇದು ಬರೀ ಮಾತಾಡೋ ಕೆಲಸ, ಕುರ್ಚಿ ಮ್ಯಾಲೆ ಕೂತು ಓದಿದ್ರ ಮುಗೀತು ಅಂತ ತಿಳೀಬ್ಯಾಡ್ರಿ. ಜಪಾನದ ಸ್ಟುಡಿಯೋದಾಗ ಎದುರಿಗೆ ಚಿತ್ರ ಓಡ್ತಿರ್ತದ, ನಾಕಾರು ಮೈಕಿನ ಮುಂದ ಎಲ್ಲಾ ಕಲಾವಿದರೂ ಒಟ್ಟಿಗೆ ಇರ್ತಾರ. ತಮ್ಮ ಪಾಳಿ ಬಂದಾಗ ಸಪ್ಪಳ ಆಗಲಾರದಂಗ ಮೈಕಿಗೆ ಬಂದು, ಚಿತ್ರದ ಬಾಯಿ ಅಲ್ಲಾಡೂ ಹೊತ್ತಿಗೆ ಸರಿಯಾಗಿ ಮಾತು ಮುಗಿಸಿ, ಹಿಂದ ಸರದು ಇನ್ನೊಬ್ಬರಿಗೆ ಜಾಗ ಕೊಡಬೇಕು. ಕೈಯಾಗಿನ ಹಾಳಿ ಸರ್ ಅಂದ್ರೂ ಕೆಡ್ತದ. ಸಣ್ಣ ಅಡಗಿಮನ್ಯಾಗ ಐದು ಮಂದಿ ಹೆಂಗಸರು ಹಬ್ಬದ ಅಡಗಿ ಮಾಡಿದಂಗ ಅಂತ ಇಟ್ಕೋರಿ. ಒಬ್ಬರ ಕೈ ಒಬ್ಬರಿಗೆ ತಾಕಬಾರದು, ಹೋಳಿಗಿನೂ ಹೊತ್ತಬಾರದು. ಆ ಐದು ಮುಖ್ಯ ದನಿಗಳ ಗುಂಪು 1979ರಿಂದ 2005ರ ತನಕ ಹಂಗೇ ಒಟ್ಟಿಗೆ ನಡೀತು. ಬಿಟ್ಟಾಗಲೂ ಐದೂ ಮಂದಿ ಒಟ್ಟಿಗೇ ಬಿಟ್ಟು, ಹೊಸಬರಿಗೆ ಜಾಗ ಕೊಟ್ರು.

ಅಡಗಿ ಮಾತು ಬಂತು, ಇದನ್ನೂ ಹೇಳಿಬಿಡ್ತೇನಿ. ಒಯಾಮಾ ಅಡಗ್ಯಾಗ ಭಾಳ ಶಾಣ್ಯಾ. 1981ರಾಗ ಅವರು ತಂದ ತಿಂಡಿ-ತಿನಿಸಿನ ಪುಸ್ತಕ ಅಲ್ಲಿ ಛಲೋ ಮಾರಾಟ ಆತು. ಡೋರೇಮಾನ್ ಪ್ರಾಣ ಬಿಡೋ ದೊರಾಯಾಕಿ ಏನಂತ ನನ್ನ ಮಗ ಯಾವಾಗಲೂ ಕೇಳ್ತಿದ್ದ. ಎರಡು ದಪ್ಪ ಸಣ್ಣ ಸಿಹಿ ದ್ವಾಶಿ ನಡುವ ಕೆಂಪು ಕಾಳಿನ ಹೂರಣ ಇಟ್ಟದ್ದು, ಅಷ್ಟೇ. ನಮ್ಮ ಹೂರಣಕ್ಕೇನೂ ಕಡಿಮಿ ಇಲ್ಲ.

ಅವರ ಬಾಳೇನು ಹೂವಿನ ಹಾಸಿಗಿ ಆಗಿರಲಿಲ್ಲ. 1964ರಾಗ ನಟ ಕೇಸುಕೆ ಸಾಗಾವಾ ಅವರನ್ನ ಲಗ್ನ ಆದ್ರು. ಮಕ್ಕಳು ಉಳೀಲಿಲ್ಲ. ಕೋಟಿ ಮಂದಿ ಹುಡುಗರಿಗೆ ದನಿ ಆದಾಕಿ ಮನ್ಯಾಗ ತೊಟ್ಟಿಲ ತೂಗೂದು ಆಗಲಿಲ್ಲ. 2001ರಾಗ ಕ್ಯಾನ್ಸರ್ ಆತು. ಗುಣ ಮಾಡಿಕೊಂಡು ತಿರುಗಿ ಬಂದು ಮೈಕ್ ಮುಂದ ನಿಂತ್ರು. ಪಾತ್ರ ಬಿಟ್ಟ ಮ್ಯಾಲೂ ಸುಮ್ಮನ ಕೂಡಲಿಲ್ಲ, ಧ್ವನಿ ಕೆಲಸ ಕಲಿಸೋ ಒಂದು ಸಂಸ್ಥೆಗೆ ಮುಖ್ಯಸ್ಥರಾದ್ರು. 2008ರಾಗ ಮೆದುಳಿಗೆ ರಕ್ತ ಹರಿಯೂದು ನಿಂತು ಆಸ್ಪತ್ರಿ ಸೇರಿದ್ರು. ಆದ್ರೂ 2010ರಾಗ, 77 ವರ್ಷಕ್ಕ, ಒಂದು ವೀಡಿಯೋ ಆಟದಾಗ ಅರ್ಧ ಬಿಳಿ ಅರ್ಧ ಕರಿ ಕರಡಿಗೆ ದನಿ ಕೊಟ್ರು. ಆ ಕರಡಿ ಭಾಳ ಕೆಟ್ಟದ್ದು, ಹುಡುಗರನ್ನ ಹುಡುಗರ ಕೈಲೇ ಕೊಲ್ಲಸೂವಂಥದ್ದು. ಅಜ್ಜಿ ಹಂಗ ಜೋಪಾನ ಮಾಡಿದ ಅದೇ ದನಿ ಈಗ ಹೆದರಸಲಿಕ್ಕೆ ಶುರು ಮಾಡ್ತು! ಅಂಥ ಗಟ್ಟಿಗಿತ್ತಿ.

ಎರಡು ವರ್ಷ ಬಿಟ್ಟು ಮರವಿನ ಬ್ಯಾನಿ ಅಂತ ಗೊತ್ತಾತು. ಗಂಡ ಅದನ್ನ ಭಾಳ ದಿನ ಮುಚ್ಚಿಟ್ಟು ಮನ್ಯಾಗೇ ಸೇವಾ ಮಾಡಿದ್ರು. 2015ರಾಗ ಮಂದಿಗೆ ಹೇಳಿ, ಆ ವರ್ಷವೇ ಒಂದು ಪುಸ್ತಕಾನೂ ಬರದ್ರು. ಅದರ ಹೆಸರಿನ ಅರ್ಥ ‘ಮಗಳಾದ ನನ್ನ ಹೆಂಡತಿ ನೊಬುಯೊಗೆ’ ಅಂತ. ಮನ್ಯಾಗ ಮರವಿನ ಹಿರಿಯರನ್ನ ನೋಡಿಕೊಂಡವರಿಗೆ ಈ ಹೆಸರು ಸಾಕು, ಒಳಗ ಏನದ ಅಂತ ಬ್ಯಾರೆ ಹೇಳೂದು ಬ್ಯಾಡ. ಅವರೇ 2017ರಾಗ ಮೊದ್ಲು ಹೋದ್ರು. 2024ರ ಜುಲೈದಾಗ ನೊಬಿತಾನ ದನಿ ಒಹಾರಾ ಹೋದ್ರು. ಅದೇ ಸಪ್ಟೆಂಬರ್ 29ಕ್ಕ ಒಯಾಮಾ, 90 ವರ್ಷದವರು.

ಈಗ ನಮ್ಮ ಕಡೆ ಬರೋಣು. ಇದೆಲ್ಲ ಜಪಾನದ ಮಾತು, ನಮಗೇನು ಅಂತ ಅನ್ನವರು ಅದಾರ. ಅಂಥವರಿಗೆ ನಾ ಕೇಳೂದು ಒಂದೇ: ಗಂಗೂಬಾಯಿ ಹಾನಗಲ್ ಯಾವ ಊರವರು? ಹುಟ್ಟಿದ್ದು ಧಾರವಾಡದಾಗ, ಬಾಳಿದ್ದು ಹುಬ್ಬಳ್ಳ್ಯಾಗ. ಸಣ್ಣಾಕಿ ಇದ್ದಾಗ ಅವರ ದನಿ ತೆಳ್ಳಗ, ಎತ್ತರಕ್ಕ ಇತ್ತು. ಆಮ್ಯಾಲೆ ಟಾನ್ಸಿಲ್ ಚಿಕಿತ್ಸಾ ಆಗಿ ದನಿ ದಪ್ಪ ಆತು, ಗಂಡು ದನಿ ಆತು. ಅಕಿ ಮೂಲ್ಯಾಗ ಕೂತು ಅತ್ತು ಹಾಡೂದು ಬಿಟ್ಟಿದ್ರ? ಬಿಡಲಿಲ್ಲ. ರೈಲು ಹತ್ತಿ ಕುಂದಗೋಳಕ್ಕ ಹೋಗಿ ಸವಾಯಿ ಗಂಧರ್ವರ ಹತ್ರ ಅದೇ ದನಿ ಪಳಗಿಸಿದ್ರು. 2002ರಾಗ ಪದ್ಮವಿಭೂಷಣ ಬಂತು. ಕನ್ನಡ ಸಿನಿಮಾದಾಗೂ ಎಷ್ಟೋ ನಾಯಕಿಯರ ಬಾಯಾಗಿನ ಮಾತು ನಮ್ಮ ಬಿ. ಜಯಶ್ರೀ ಅವರದು; ಪರದಾ ಮ್ಯಾಲೆ ಮುಖ ಒಬ್ಬರದು, ಗಟ್ಟಿ ದನಿ ಇವರದು. ಗಂಗೂಬಾಯಿ ಹಾಡು ಕೇಳಿ "ಆಹಾ, ಎಂಥಾ ದನಿ" ಅಂತ ತಲಿ ತೂಗ್ತೀವಿ, ನಮ್ಮ ಮನಿ ಹುಡುಗಿ ಬಾಯಿ ತಗದ್ರ "ಗಂಡಸರ ಹಂಗ" ಅಂತೀವಿ. ಇದೆಂಥಾ ನ್ಯಾಯ?

"ಎಲ್ಲಾರಿಗೂ ಡೋರೇಮಾನ್ ಸಿಗ್ತಾನೇನು, ಎಲ್ಲಾರೂ ಗಂಗೂಬಾಯಿ ಆಗ್ತಾರೇನು?" ಅಂತ ನನ್ನ ವೈನಿ ಕೇಳಿದ್ರು. ಛಲೋ ಕೇಳಿದ್ರು. ಇಲ್ರಿ, ಆಗಂಗಿಲ್ಲ. ಲಕ್ಷಕ್ಕ ಒಬ್ಬಾಕಿ ಆಗ್ತಾಳ. ಆದ್ರ ಆ ಉಳಿದವರಿಗೂ ದನಿ ಬೇಕು. ಬಸ್ಸಿನ್ಯಾಗ ಮೈಮ್ಯಾಲೆ ಬೀಳೋ ಗಂಡಸಿಗೆ "ಸರೀರಿ ಆ ಕಡೆ" ಅನ್ನಾಕ ದನಿ ಬೇಕು. ಡಾಕ್ಟರ್ ಮುಂದ "ಇಲ್ಲಿ ನೋಯ್ತದ" ಅಂತ ತಾನೇ ಹೇಳಾಕ ಬೇಕು, ಇಲ್ಲಂದ್ರ ಗಂಡ ಹೇಳ್ತಾನ, ಅವಗೆಲ್ಲಿ ನೋವು ಗೊತ್ತಿರ್ತದ? ವರ್ಗದಾಗ "ತಿಳೀಲಿಲ್ರಿ, ಇನ್ನೊಮ್ಮೆ ಹೇಳ್ರಿ" ಅನ್ನಾಕ ಬೇಕು. ಲಗ್ನದ ಮಾತುಕತ್ಯಾಗ "ನನಗ ಒಪ್ಪಿಗಿ ಇಲ್ಲ" ಅನ್ನಾಕ ಎಲ್ಲಾಕ್ಕಿಂತ ಹೆಚ್ಚು ಬೇಕು. 12ಕ್ಕ ಆರತಿ ಹಾಡಿನಾಗ ಮುಚ್ಚಿಸಿದ ಬಾಯಿ 22ಕ್ಕ ಇಂಥ ಹೊತ್ತಿನಾಗ ಒಮ್ಮೆಲೇ ತೆರೀತದೇನು? ನಾವೇ ಮುಚ್ಚಿಸಿ, ಆಮ್ಯಾಲೆ "ಏನೂ ಹೇಳಲೇ ಇಲ್ಲಲ್ಲವಾ ನೀನು" ಅಂತ ಅಳೂದು.

ಅದಕ್ಕ ನನ್ನ ಅಭಿಪ್ರಾಯ ಇಷ್ಟು. ಹುಡುಗಿ ಕೆಟ್ಟ ಮಾತಾಡಿದ್ರ ತಿದ್ರಿ. ಹಾಡು ಶ್ರುತಿ ತಪ್ಪಿದ್ರ ಇನ್ನೊಮ್ಮೆ ಹೇಳಿಕೊಡ್ರಿ. ಆದ್ರ ದನಿಗೆ ಹೆಸರಿಡಬ್ಯಾಡ್ರಿ, ಮಂದಿ ಮುಂದಂತೂ ಬ್ಯಾಡೇ ಬ್ಯಾಡ. ಸುಮ್ಮನಾದ ಹುಡುಗಿ ಇದ್ರ ಅಕಿ ಕಡಿಂದ ಮಾತಾಡಸೂ ಕೆಲಸ ಮಾಡಸ್ರಿ. ಪೇಪರ್ ಜೋರಾಗಿ ಓದಸ್ರಿ, ಅಜ್ಜಿಗೆ ಕಥಿ ಹೇಳಾಕ ಹಚ್ರಿ, ಕಿರಾಣಿ ಅಂಗಡಿಗೆ ಫೋನ್ ಮಾಡಸ್ರಿ. ಒಯಾಮಾ ಅವ್ವ ಮಾಡಿದ್ದೂ ಅಷ್ಟೇ: ಕೊರತಿ ಅನ್ನಿಸಿದ್ದನ್ನ ಬಳಸಾಕ ಹಚ್ಚಿದ್ದು.

ನಾನೂ ಪ್ರಯತ್ನ ಮಾಡಿದೆ. ಸೂಟಿ ಮುಗಿಯೂಕಿಂತ ಮೊದ್ಲ ಅಕಿಗೆ ಹೇಳಿದೆ, "ಅವತ್ತು ನಾ ತಪ್ಪ ಮಾತಾಡಿದೆ. ನೀ ಹಾಡಬೇಕಿತ್ತು." ಅಕಿ ಏನೂ ಅನ್ನಲಿಲ್ಲ, ಬೆಂಡಿಕಾಯಿ ಹೆಚ್ಚಿಕೋತ ಕೂತ್ಲು. ನವಮಿ ದಿನ ಹಾಡಂತ ಕರದೆ, ಒಲ್ಲೆ ಅಂದ್ಲು. ಒಂದು ಮಾತಿಲೆ ಮುಚ್ಚಿಸಿದ ಬಾಯಿ ಒಂದು ಮಾತಿಲೆ ತೆರೀಬೇಕಂತ ನಾ ಅಂದ್ಕೊಂಡದ್ದೇ ತಪ್ಪು.

ಆದ್ರ ಹೋಗೂ ಹಿಂದಿನ ದಿನ ಗ್ಯಾಸಿನವ ಬಂದಾಗ ನನ್ನ ಕೈ ಹಿಟ್ಟಿನಾಗ ಇತ್ತು. ಅವ ನಮ್ಮ ಗೇಟ್ ದಾಟಿ ಮುಂದ ಹೊಂಟಿದ್ದ. ಅಕಿ ಗ್ಯಾಲರಿಗೆ ಓಡಿಹೋಗಿ, ಓಣಿ ತುಂಬ ಕೇಳೂ ಹಂಗ, "ರೀ ಅಣ್ಣಾರ, ನಿಂದರ್ರಿ! ಇಲ್ಲೊಂದು ಸಿಲಿಂಡರ್ ಕೊಡೂದದ!" ಅಂದ್ಲು. ಎದುರಿನ ಮನಿ ಅಜ್ಜಿ ಹೊರಗ ಬಂದು ನೋಡಿದ್ಲು. "ಸಣ್ಣಕ ಅನ್ನವಾ" ಅನ್ನೋ ಮಾತು ಹಳೇ ರೂಢಿಗೆ ನನ್ನ ನಾಲಿಗಿ ತುದಿ ತನಕ ಬಂದಿತ್ತು. ನುಂಗಿಕೊಂಡೆ. ಗ್ಯಾಸಿನವ ಗಾಡಿ ತಿರುಗಿಸಿಕೊಂಡು ಬಂದ.

ಮುಂದಿನ ಶ್ರಾವಣಕ್ಕ ಎಲ್ಲಾರೂ ಬರ್ರಿ. ಅಕಿ ಹಾಡ್ತಾಳೋ ಇಲ್ಲೋ ಅಕಿಗೆ ಬಿಟ್ಟದ್ದು. ಹಾಡಿದ್ರ ಮಾತ್ರ ಯಾರೂ ನಗೂದು ಬ್ಯಾಡ. ಇದು ಮನಿ ಹೆಣ್ಣುಮಗಳ ವಿನಂತಿ ಅಂತ ತಿಳಕೋರಿ, ಇಲ್ಲಂದ್ರ ಕರಾರು ಅಂತಾದರೂ ತಿಳಕೋರಿ.